ಯಿವೂ ಪೇಟೆಯ ಬೋಣಿ, ಚೇಳೂರಿನ ಓಟಿಪಿ

ಮೊದಲ ಬೆಳಗ್ಗೆ: ಕಡುಬಿನ ಗಾಡಿ

ಬೋಣಿ ಹೊತ್ತಿನಲ್ಲಿ ಯಾವ ಅಂಗಡಿಯಿಂದಲೂ ಪುಕ್ಕಟೆ ಏನನ್ನೂ ತೆಗೆದುಕೊಳ್ಳಬಾರದು ಎಂದು ಇಪ್ಪತ್ತು ವರ್ಷದಿಂದ ನಂಬಿಕೊಂಡು ಬಂದವಳು ನಾನು. ತುಮಕೂರಿನಲ್ಲಿ ನನ್ನದೊಂದು ಪುಟ್ಟ ಫ್ಯಾನ್ಸಿ ಸ್ಟೋರ್ ಇದೆ. ಕ್ಲಿಪ್ಪು, ಬಳೆ, ಬಿಂದಿ, ರಬ್ಬರ್ ಬ್ಯಾಂಡು, ಸೇಫ್ಟಿ ಪಿನ್ನು ಮಾರುತ್ತೇನೆ. ಬೆಳಗ್ಗೆ ಮೊದಲು ಬಂದವರು ಬರೀ ಪಿನ್ನು ಕೊಂಡರೂ ಆ ದುಡ್ಡನ್ನು ಕಣ್ಣಿಗೊತ್ತಿಕೊಂಡೇ ಗಲ್ಲದ ಪೆಟ್ಟಿಗೆಗೆ ಹಾಕುವುದು. ಈಗ ಸ್ಕ್ಯಾನರ್ ಬಂದಿದೆ. ದುಡ್ಡು ಬಂತು ಎಂದು ಆ ಡಬ್ಬಿ ಕೂಗಿದರೆ ಡಬ್ಬಿಗೇ ಕೈ ಮುಗಿಯುತ್ತೇನೆ, ಗಿರಾಕಿಗಳು ನಕ್ಕರೆ ನಗಲಿ. ಅಂಥವಳು ಚೀನಾ ದೇಶದ ಯಿವೂ ಎಂಬ ಊರಿನಲ್ಲಿ, ಕಣ್ಣು ಬಿಟ್ಟ ಮೊದಲ ಬೆಳಗ್ಗೆಯೇ, ಒಬ್ಬ ಅಜ್ಜಿಯ ಬೋಣಿ ಕೆಡಿಸಿದೆ.

ಯಿವೂ ನನ್ನಂಗಡಿಯ ಅರ್ಧ ಸರಕು ಹುಟ್ಟುವ ಊರು. ಬೆಂಗಳೂರಿನ ಏಜೆಂಟರೊಬ್ಬರು ನಮ್ಮಂಥ ಸಣ್ಣ ವ್ಯಾಪಾರಿಗಳನ್ನು ನಾಲ್ಕೈದು ದಿನ ಅಲ್ಲಿಗೆ ಕರೆದೊಯ್ದು ಮಾರುಕಟ್ಟೆ ತೋರಿಸುತ್ತಾರೆ. ಈ ಸಲದ ಗುಂಪಿನಲ್ಲಿ ನಮ್ಮ ಜಿಲ್ಲೆಯವರು ಇಬ್ಬರೇ. ನಾನು, ಮತ್ತು ಕುಣಿಗಲ್ಲಿನಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಡಬ್ಬಿ ಮಾರುವ ರಾಜಣ್ಣ. ನಮ್ಮ ಮಾತನ್ನು ಅವರಿಗೂ ಅವರ ಮಾತನ್ನು ನಮಗೂ ತಲುಪಿಸಲು ಲಿಲಿ ಎಂಬ ಅಲ್ಲಿಯ ಹುಡುಗಿಯನ್ನು ಗೊತ್ತು ಮಾಡಿದ್ದರು. ಅವಳ ಇಂಗ್ಲಿಷು ನನ್ನ ಇಂಗ್ಲಿಷಿಗಿಂತ ಸಾಕಷ್ಟು ಚೆನ್ನಾಗಿತ್ತು.

ಹೋಟೆಲಿನ ಎದುರು ಒಂದು ತಳ್ಳುಗಾಡಿ. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಒಳಗೆ ಬಿಳಿಯ ಉಂಡೆಗಳನ್ನು ಆವಿಯಲ್ಲಿ ಬೇಯಿಸುತ್ತಿದ್ದಳು ಒಬ್ಬ ಅಜ್ಜಿ. ನೋಡಿದೊಡನೆ ನನಗೆ ಕಡುಬು ಎನ್ನಿಸಿತು. ಮಾಂಸ ಬೇಡ ಎಂದು ಲಿಲಿ ಬರೆದುಕೊಟ್ಟಿದ್ದ ಅಕ್ಷರಗಳನ್ನು ಫೋನಿನಲ್ಲಿ ತೋರಿಸಿದೆ. ಸೊಪ್ಪು ತುಂಬಿದ ಕಡುಬೊಂದನ್ನು ತೆಗೆದುಕೊಟ್ಟಳು. ಹಸಿವು ಅಂದರೆ ಹಸಿವು, ಒಂದು ತುತ್ತು ಕಚ್ಚಿಯೇ ಬಿಟ್ಟೆ. ಆಮೇಲೆ ಬೆಂಗಳೂರಿನಲ್ಲಿ ಬದಲಾಯಿಸಿ ತಂದಿದ್ದ ಗರಿಗರಿ ನೋಟನ್ನು ಚಾಚಿದೆ.

ಅಜ್ಜಿ ನೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕಳು. ಗಾಡಿಗೆ ನೇತುಹಾಕಿದ್ದ ಕಪ್ಪು ಚುಕ್ಕಿಗಳ ಚೌಕ ತೋರಿಸಿದಳು. ನಾನು ತಲೆಯಾಡಿಸಿದೆ. ಅವಳು ತನ್ನ ಏಪ್ರನ್ನಿನ ಜೇಬನ್ನು ಹೊರಗೆಳೆದು ತೋರಿಸಿದಳು. ಒಂದು ಲೈಟರು, ಒಂದು ಕರವಸ್ತ್ರ, ಅಷ್ಟೇ. ಚಿಲ್ಲರೆ ಎಂಬುದು ಆ ಗಾಡಿಯ ಹತ್ತಿರ ಸುಳಿದೇ ಎಷ್ಟೋ ವರ್ಷವಾಗಿತ್ತೆಂದು ಕಾಣುತ್ತದೆ. ಕೊನೆಗೆ ನೋಟನ್ನು ನನ್ನ ಕೈಗೇ ಮಡಿಸಿಟ್ಟು, ಹೋಗು ಹೋಗು ಎಂದು ಕೈ ಬೀಸಿದಳು. ನನ್ನ ಹಿಂದಿದ್ದವರು ಒಬ್ಬೊಬ್ಬರೇ ಫೋನು ತೋರಿಸಿ ಕಡುಬು ಹಿಡಿದು ನಡೆದರು.

ನಾನೇ ಆ ದಿನದ ಮೊದಲ ಗಿರಾಕಿ. ಕೈಯಲ್ಲಿ ಕಚ್ಚಿದ ಕಡುಬು ಹಿಡಿದು ಫುಟ್‌ಪಾತಿನ ಮೇಲೆ ನಿಂತವಳಿಗೆ ಇನ್ನೊಂದು ತುತ್ತು ಕಚ್ಚಲು ನಾಚಿಕೆಯಾಯಿತು.

"ಬುಡಿ ಸುಸೀಲಮ್ಮ, ಒಂದ್ ಕಡುಬ್ಗೆ ಹಿಂಗ್ ಮಕ ಸಣ್ಣ ಮಾಡ್ಕೊಂಡ್ರೆ ಹೆಂಗೆ? ನನ್ ಫೋನಲ್ಲೈತಲ್ಲ, ನಾನ್ ಹಾಕ್ತೀನಿ" ಎಂದರು ಹೋಟೆಲಿನಿಂದ ಹೊರಬಂದ ರಾಜಣ್ಣ. ಹೊರಡುವ ಮೊದಲೇ ಅವರ ಮಗಳು ಅವರ ಕಾರ್ಡನ್ನು ಅಲ್ಲಿಯ ಪೇಮೆಂಟ್ ಆ್ಯಪಿಗೆ ಸೇರಿಸಿಕೊಟ್ಟಿದ್ದಳು.

"ಬೇಡಿ ರಾಜಣ್ಣೋರೆ. ಬೋಣಿ ಕೆಡಿಸಿದ್ದು ನಾನು. ನನ್ ಕೈಯಿಂದ್ಲೇ ಆಗ್ಬೇಕು."

ಇಲ್ಲಿ ಬೋಣಿಯನ್ನು ನಂಬುತ್ತಾರಾ ಎಂದು, ನಮ್ಮನ್ನು ಮಾರುಕಟ್ಟೆಗೆ ಕರೆದೊಯ್ಯಲು ಬಂದ ಲಿಲಿಯನ್ನು ಕೇಳಿದೆ. ಅಂಥದ್ದನ್ನು ತಾನು ಕೇಳಿಯೇ ಇಲ್ಲ ಎಂದಳು. "ಅವ್ರಿಗಿಲ್ಲ, ನಿಮ್ಗೈತೆ. ಅನುಭವ್ಸಿ" ಎಂದು ರಾಜಣ್ಣ ಮುಂದೆ ನಡೆದರು. ಊರು ಬಿಡುವುದರೊಳಗೆ ಆ ಅಜ್ಜಿಗೆ ನನ್ನ ಕೈಯಿಂದಲೇ ಬೋಣಿ ಮಾಡಿಸುವುದೆಂದು ನಾನು ಅಲ್ಲೇ ನಿರ್ಧರಿಸಿದೆ.

ಅದೇ ದಿನ: ಮಾರುಕಟ್ಟೆ

ಮಾರುಕಟ್ಟೆ ಎಂದರೆ ಹೆಚ್ಚೆಂದರೆ ಬೆಂಗಳೂರಿನ ಚಿಕ್ಕಪೇಟೆಯ ಎರಡರಷ್ಟು ಇರಬಹುದು ಎಂದುಕೊಂಡು ಹೋಗಿದ್ದೆ. ಒಳಗೆ ಕಾಲಿಟ್ಟ ಮೇಲೆ ಅಳತೆಯ ಯೋಚನೆಯನ್ನೇ ಬಿಟ್ಟೆ. ಒಂದು ಓಣಿಯ ಈ ತುದಿಯಲ್ಲಿ ನಿಂತರೆ ಆ ತುದಿಯ ಮನುಷ್ಯ ಕಿರುಬೆರಳಿನಷ್ಟು ಕಾಣುತ್ತಾನೆ. ಅಂಥ ಓಣಿಗಳು ಎಷ್ಟಿವೆ ಎಂದು ಲಿಲಿಗೂ ಗೊತ್ತಿರಲಿಲ್ಲ. ಒಂದು ಮಹಡಿಯ ತುಂಬ ತಲೆಗೂದಲಿಗೆ ಸಂಬಂಧಪಟ್ಟದ್ದೇ. ಅದರಲ್ಲಿ ಒಂದು ಓಣಿ ಬರೀ ಕ್ಲಿಪ್ಪಿನದು. ಆ ಓಣಿಯಲ್ಲೊಂದು ಮಳಿಗೆ, ಅಲ್ಲಿ ಕ್ಲಿಪ್ಪೂ ಇಲ್ಲ, ಕ್ಲಿಪ್ಪಿನೊಳಗಿನ ಸ್ಪ್ರಿಂಗು ಮಾತ್ರ ಇದೆ. ಆ ಸ್ಪ್ರಿಂಗನ್ನೇ ಮಾರಿಕೊಂಡು ಒಂದು ಸಂಸಾರ ಹಾಯಾಗಿ ಬದುಕಿದೆ. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ.

ಕೂತಲ್ಲಿಂದ ತಲೆ ಎತ್ತಿದರೆ ಎದುರಿಗೇ ನನ್ನ ಚಿಟ್ಟೆ ಕ್ಲಿಪ್ಪು. ರೆಕ್ಕೆಯ ಮೇಲೆ ಮೂರು ಹರಳಿರುವ, ಹದಿನೈದು ವರ್ಷದಿಂದ ನಾನು ಮಾರುತ್ತಿರುವ ಅದೇ ಚಿಟ್ಟೆ. ತುಮಕೂರಿನ ಎಷ್ಟು ಹುಡುಗಿಯರು ಅದನ್ನು ಮುಡಿದು ಪರೀಕ್ಷೆ ಬರೆದಿದ್ದಾರೋ, ಎಷ್ಟು ಮದುಮಕ್ಕಳ ಜಡೆಗೆ ನಾನೇ ಸಿಕ್ಕಿಸಿದ್ದೇನೋ. ಅದು ಹುಟ್ಟಿದ ಮನೆಗೆ ಬಂದಿದ್ದೆ. ಮಳಿಗೆಯ ಹೆಂಗಸು ಊಟದ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದಳು. ನನ್ನಂಗಡಿಯ ಗೋಡೆಯ ಫೋಟೋ ತೋರಿಸಿದೆ. ಅವಳು ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ, ತನ್ನ ಚಿಟ್ಟೆಗಳನ್ನು ಕಂಡು, ಊಟ ಬಿಟ್ಟು ಎದ್ದು ಪಕ್ಕದ ಮಳಿಗೆಯವಳನ್ನು ಕರೆದು ತೋರಿಸಿದಳು. ಇಬ್ಬರೂ ನನ್ನ ಕೈ ಹಿಡಿದು ಏನೇನೋ ಹೇಳಿದರು. ಅರ್ಥವಾಗದಿದ್ದರೂ ನನಗೆ ಕಣ್ಣು ತುಂಬಿತು. ಒಂದು ಡಜನ್ ಬೇಕು ಎಂದಾಗ ಮಾತ್ರ ಇಬ್ಬರೂ ಜೋರಾಗಿ ನಕ್ಕರು. ಅಲ್ಲಿ ಡಜನ್ನು ಗಿಜನ್ನು ಇಲ್ಲ, ಪೆಟ್ಟಿಗೆಗಟ್ಟಲೆ ಕೊಳ್ಳಬೇಕು.

ವ್ಯಾಪಾರಿಯ ಕಣ್ಣು, ನಾನು ಎಲ್ಲ ಮಳಿಗೆಯಲ್ಲೂ ಗಲ್ಲ ಹುಡುಕಿದೆ. ಎಲ್ಲಿಯೂ ಗಲ್ಲವಿಲ್ಲ. ನಮ್ಮಲ್ಲಿ ಎಳನೀರಿನವನ ಹತ್ತಿರವೂ ಸ್ಕ್ಯಾನರ್ ಇದೆ, ಅದರಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. ಆದರೆ ಗಲ್ಲವೂ ಇದೆ, ಅದರ ಮೇಲೆ ಲಕ್ಷ್ಮಿಯ ಫೋಟೋ ಇದೆ, ಒಳಗೆ ಎರಡು ರೂಪಾಯಿಯ ಬಿಲ್ಲೆಗಳಿವೆ. ಇಲ್ಲಿ ಗಲ್ಲ ಇರಬೇಕಾದ ಜಾಗದಲ್ಲಿ ಚಿನ್ನದ ಬಣ್ಣದ ಬೆಕ್ಕೊಂದು ಕೂತು ಕೈಯಾಡಿಸುತ್ತದೆ. ಇಷ್ಟು ದೊಡ್ಡ ಪೇಟೆಯಲ್ಲಿ, ಇಷ್ಟೊಂದು ವ್ಯವಹಾರದಲ್ಲಿ, ಒಂದು ನೋಟಿನ ಸದ್ದೂ ಇಲ್ಲದಿರುವುದು ನನಗೆ ಬೆರಗಿನ ಜೊತೆಗೆ ಸ್ವಲ್ಪ ಭಯವನ್ನೂ ತಂದಿತು. ತುಮಕೂರಿನಲ್ಲಿ ಫೋನು ತೋರಿಸಿ ಮಹಾರಾಣಿಯಂತೆ ಓಡಾಡುವವಳು ಇಲ್ಲಿ ಮಧ್ಯಾಹ್ನದ ಅನ್ನಕ್ಕೂ ರಾಜಣ್ಣನ ಮುಖ ನೋಡಬೇಕಾಯಿತು.

ಸಂಜೆ: ಹೋಟೆಲ್ ಕೋಣೆ

ಸಂಜೆ ಲಿಲಿ ನನ್ನ ಫೋನಿಗೆ ಆ್ಯಪ್ ಹಾಕಿಕೊಟ್ಟಳು. ಅದು ಪಾಸ್‌ಪೋರ್ಟ್ ತೋರಿಸು ಎಂದಿತು, ತೋರಿಸಿದೆ. ಮುಖ ತೋರಿಸು, ಕಣ್ಣು ಮಿಟುಕಿಸು, ತಲೆ ಅಲ್ಲಾಡಿಸು ಎಂದಿತು. ಹೆಣ್ಣು ನೋಡಲು ಬಂದಾಗಲೂ ನಾನು ಇಷ್ಟು ವಿಧೇಯಳಾಗಿರಲಿಲ್ಲ. ಕೊನೆಗೆ ಕಾರ್ಡಿನ ಸಂಖ್ಯೆ ಹಾಕಿ ಒತ್ತಿದರೆ, ನಿಮ್ಮ ಮೊಬೈಲಿಗೆ ಓಟಿಪಿ ಕಳಿಸಿದ್ದೇವೆ ಎಂದಿತು. ನನ್ನ ಮೊಬೈಲು ನನ್ನ ಕೈಯಲ್ಲೇ ಇತ್ತು, ಏನೂ ಬರಲಿಲ್ಲ. ಪರದೆಯ ಮೇಲೆ ನಂಬರಿನ ಕೊನೆಯ ನಾಲ್ಕು ಅಂಕಿ ಕಾಣುತ್ತಿತ್ತು. ಅದು ನನ್ನ ನಂಬರಲ್ಲ. ಚೇಳೂರಿನ ಗಂಗಕ್ಕನದು.

ಗಂಗಕ್ಕ ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಮದುವೆಯಾದ ಮೇಲೆ ಎಷ್ಟೋ ವರ್ಷ ನಾವೆಲ್ಲ ಚೇಳೂರಿನಲ್ಲಿ ಒಂದೇ ಮನೆಯಲ್ಲಿದ್ದೆವು. ಮನೆಗೆ ಮೊದಲ ಮೊಬೈಲ್ ಬಂದ ಮೇಲೆ ಭಾವನವರು ಮನೆಯ ಹೆಂಗಸರಿಗೆಲ್ಲ ಬ್ಯಾಂಕಿನಲ್ಲಿ ಖಾತೆ ಮಾಡಿಸಿ, ಎಲ್ಲ ಅರ್ಜಿಗೂ ತಮ್ಮ ಮೊಬೈಲ್ ನಂಬರನ್ನೇ ಬರೆದಿದ್ದರು. ಮನೆಗೊಂದು ಫೋನು, ಫೋನಿಗೊಬ್ಬ ಯಜಮಾನ, ಆ ಕಾಲದ ರೀತಿಯೇ ಹಾಗೆ. ನನ್ನ ಹೆಸರಿನಲ್ಲಿರುವುದು ಅದೊಂದೇ ಖಾತೆ. ಅಂಗಡಿಯದೆಲ್ಲ ನಮ್ಮ ಯಜಮಾನರ ಹೆಸರಿನಲ್ಲಿ, ಊರಲ್ಲಿ ನಾನು ಫೋನಿನಿಂದ ಕೊಡುವುದೂ ಆ ಖಾತೆಯಿಂದಲೇ. ಹೊರದೇಶದಲ್ಲಿ ನನ್ನ ದುಡ್ಡನ್ನೇ ಖರ್ಚು ಮಾಡಬೇಕೆಂಬ ಜಂಬದಿಂದ ಆ ಕಾರ್ಡನ್ನು ತಂದಿದ್ದೆ. ಊರಲ್ಲಿ ಎಟಿಎಮ್ಮಿಗೆ ಪಿನ್ ಸಾಕಾಗಿತ್ತು, ಓಟಿಪಿಯ ಪ್ರಸಂಗವೇ ಬಂದಿರಲಿಲ್ಲ. ಭಾವನವರು ತೀರಿಕೊಂಡ ಮೇಲೆ ಆ ಫೋನು ಗಂಗಕ್ಕನ ಸೆರಗಿನ ಗಂಟಿಗೆ ಸೇರಿತ್ತು.

ನಾನೂ ಗಂಗಕ್ಕನೂ ಮನಸ್ಸು ಬಿಚ್ಚಿ ಮಾತಾಡಿ ಒಂಬತ್ತು ವರ್ಷವಾಗಿತ್ತು. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಾವು ಮನೆ ಕಟ್ಟಿದಾಗ, ಗೃಹಪ್ರವೇಶಕ್ಕೆ ಹಾಲು ನೀನೇ ಉಕ್ಕಿಸಬೇಕು ಅಕ್ಕ ಎಂದು ನಾನೇ ಚೇಳೂರಿಗೆ ಹೋಗಿ ಹೇಳಿ ಬಂದಿದ್ದೆ. ಆ ಬೆಳಗ್ಗೆ ಅವಳು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಮುಹೂರ್ತ ಮೀರುತ್ತೆ ಎಂದು ಪೂಜೆಗೆ ಬಂದಿದ್ದ ಅಯ್ಯನವರು ಅವಸರ ಮಾಡಿದರು. ನನ್ನ ಸ್ವಂತ ಅಕ್ಕ ಪ್ಯಾಕೆಟ್ ಹಾಲನ್ನೇ ಉಕ್ಕಿಸಿದಳು. ಹಾಲು ಉಕ್ಕಿ ಒಲೆಯೆಲ್ಲ ನೆನೆದ ಮೇಲೆ ಗಂಗಕ್ಕ ಬಾಗಿಲಲ್ಲಿ ಕಂಡಳು. "ಲೇಟ್ ಆಯ್ತಲ್ಲಕ್ಕ" ಎಂದೆ, ಬೇರೆ ನೆಂಟರ ಕಡೆ ತಿರುಗಿದೆ. ಅವಳು ಊಟ ಮಾಡದೆ ಹೋಗಿದ್ದು ಸಂಜೆ ತಿಳಿಯಿತು. ಹಿರಿಯ ಸೊಸೆ ಹೊತ್ತಿಗೆ ಬರಬೇಡವೇ ಎಂದು ನನಗೆ ಸಿಟ್ಟು, ಬರುವವರೆಗೆ ಕಾಯಲಿಲ್ಲ ಎಂದು ಅವಳಿಗೆ. ಆಮೇಲೆ ಹಬ್ಬ ಹುಣ್ಣಿಮೆಗೆ ಸಿಕ್ಕರೆ ಬಂದ್ಯಾ, ಉಂಡ್ಯಾ, ಅಷ್ಟೇ.

ಅಂಥವಳಿಗೆ ಚೀನಾದಿಂದ ಫೋನ್ ಮಾಡಿದೆ.

"ಯಾರು?"

"ಅಕ್ಕ, ನಾನು ಸುಶೀಲ. ಚೀನಾದಿಂದ ಮಾತಾಡ್ತಿದೀನಿ. ನಿನ್ ಫೋನಿಗೊಂದ್ ನಂಬರ್ ಬಂದಿರುತ್ತೆ, ಅದನ್ನ ಸ್ವಲ್ಪ ಹೇಳ್ತೀಯ?"

"ಬಂದೈತೆ. ಅದ್ನ ಯಾರ್ಗೂ ಹೇಳ್ಬಾರ್ದು ಅಂತ ನಮ್ ಮಹಿಳಾ ಸಂಘದ್ ಮೇಡಮ್ಮು ಹೇಳವ್ರೆ. ಈಗಿನ್ ಕಳ್ರು ಮನೆಯೋರ್ ಥರಾನೇ ಮಾತಾಡ್ತಾರಂತೆ. ಫೋನ್ ಮಡಗು."

ಮಡಗಿದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಎರಡನೇ ದಿನ: ಜಾಡಿ

ಬೆಳಗ್ಗೆ ಕಡುಬಿನ ಗಾಡಿಯ ಎದುರು ಹೋಗಲು ಮುಖವಿಲ್ಲದೆ ರಸ್ತೆಯ ಆಚೆ ಬದಿಯಿಂದ ನಡೆದೆ. ಅಜ್ಜಿ ನನ್ನನ್ನು ಗುರುತಿಸಿ ಕೈ ಬೀಸಿದಳು. ಆಗ ಇನ್ನೊಂದು ನೆನಪು ಬಂತು. ಎರಡು ವರ್ಷದ ಹಿಂದೆ ಒಬ್ಬ ವಿದೇಶಿ ಹೆಂಗಸು ನನ್ನಂಗಡಿಗೆ ಬಂದು ಒಂದು ರಬ್ಬರ್ ಬ್ಯಾಂಡಿಗಾಗಿ ಐನೂರರ ನೋಟು ಚಾಚಿದ್ದಳು. ಬೋಣಿ ಹೊತ್ತು. ಸ್ಕ್ಯಾನ್ ಮಾಡಿ ಎಂದೆ, ಅವಳ ಫೋನಿನಲ್ಲಿ ಆಗಲಿಲ್ಲ. ಚೇಂಜ್ ಇಲ್ಲ ಎಂದು ಕಳಿಸಿಬಿಟ್ಟಿದ್ದೆ. ಕೆದರಿದ ಕೂದಲನ್ನು ಕೈಯಲ್ಲಿ ಹಿಡಿದುಕೊಂಡೇ ಬಿಸಿಲಿಗೆ ಇಳಿದುಹೋದಳು. ಒಂದು ರಬ್ಬರ್ ಬ್ಯಾಂಡು ಕೊಟ್ಟು ಕಳಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಯಿವೂ ಪೇಟೆಯ ರಸ್ತೆಯಲ್ಲಿ ನನಗೆ ಅನ್ನಿಸಿತು.

ಅಷ್ಟರಲ್ಲಿ ಯಜಮಾನರ ಫೋನು ಬಂತು. ರಾತ್ರಿಯೇ ಅವರಿಗೆ ಎಲ್ಲ ಹೇಳಿದ್ದೆ.

"ಅತ್ತಿಗೆ ನಂಗೂ ಹೇಳಲ್ವಂತೆ ಕಣೇ. 'ಅವಳ್ ಕಾರ್ಡು, ಅವಳೇ ಕೇಳ್ಲಿ. ಅವಳೇ ಅಂತ ನಂಗ್ ಖಾತ್ರಿ ಆದ್ರೆ ಹೇಳ್ತೀನಿ' ಅಂದ್ರು. ನೀನೇ ಮಾತಾಡು" ಎಂದರು.

ಮಧ್ಯಾಹ್ನ ಮತ್ತೆ ಕಾರ್ಡು ಹಾಕಿ, ಒತ್ತಿ, ಕೂಡಲೇ ಚೇಳೂರಿಗೆ ಫೋನು ಮಾಡಿದೆ.

"ನೀನೇ ಅನ್ನೋದಾದ್ರೆ ಇದ್ ಹೇಳು" ಎಂದಳು ಗಂಗಕ್ಕ. "ಮದ್ವೆಯಾಗಿ ಬಂದ್ ಮೂರನೇ ದಿನ ಏನ್ ಒಡ್ದಾಕ್ದೆ?"

"ಉಪ್ಪಿನಕಾಯಿ ಜಾಡಿ."

"ಅತ್ತೆ ಕೇಳ್ದಾಗ ಯಾರ್ ಒಡ್ದಿದ್ದು ಅಂತ ಆಯ್ತು?"

"ನಾನೇ ಒಡ್ದೆ ಅಂತ ನೀನ್ ಹೇಳ್ದೆ. ಬೈಸ್ಕೊಂಡಿದ್ದೂ ನೀನೇ."

"ಹ್ಞೂಂ. ಬರ್ಕೋ" ಎಂದು ಆರು ಅಂಕಿಗಳನ್ನು ಒಂದೊಂದಾಗಿ ಹೇಳಿ, ನಾನು ಥ್ಯಾಂಕ್ಸ್ ಅನ್ನುವ ಮೊದಲೇ ಫೋನು ಇಟ್ಟಳು. ಪರದೆಯ ಮೇಲೆ ಹಸಿರು ಗುರುತು ಬಂತು. ಕಾರ್ಡು ಸೇರಿತ್ತು.

ಕಣ್ಣು ಮಿಟುಕಿಸು, ತಲೆ ಅಲ್ಲಾಡಿಸು ಎಂದು ನನ್ನನ್ನು ಪರೀಕ್ಷೆ ಮಾಡಿದ್ದ ಆ ಆ್ಯಪಿಗೆ ಇಂಥ ಪ್ರಶ್ನೆ ಎಲ್ಲಿ ಹೊಳೆಯಬೇಕು? ಆ ಜಾಡಿಯ ವಿಷಯ ಭೂಮಿಯ ಮೇಲೆ ಇಬ್ಬರಿಗೇ ಗೊತ್ತಿತ್ತು. ಅದನ್ನು ಅವಳು ಇಪ್ಪತ್ತೈದು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಮೂರನೇ ದಿನ: ಊರೆಲ್ಲ ಸ್ಕ್ಯಾನು

ಮೂರನೇ ದಿನ ಬೇಗ ಎದ್ದು ಫೋನು ಹಿಡಿದು ಓಡಿದೆ. ಗಾಡಿ ಇರಲಿಲ್ಲ. ಜಿಟಿಜಿಟಿ ಮಳೆ ಹಿಡಿದಿತ್ತು, ಅಜ್ಜಿ ಬಂದಿರಲಿಲ್ಲ. ಮಾರನೆಯ ಬೆಳಗ್ಗೆ ನಾವು ವಿಮಾನಕ್ಕೆ ಹೊರಡುವವರು. ಅವಳು ನಾಳೆಯೂ ಬರದಿದ್ದರೆ?

ಆದರೆ ಆ ದಿನ ನಾನು ಕಂಡದ್ದನ್ನು ಹೇಳಲೇಬೇಕು. ಮಳೆ ನಿಂತ ಮೇಲೆ ನಾನೊಬ್ಬಳೇ ಆ ಊರಿನ ಹಳೆಯ ಬೀದಿಗಳಲ್ಲಿ ಅಲೆದೆ. ಉಗುರಿನಲ್ಲಿ ಮಣ್ಣು ಮೆತ್ತಿಕೊಂಡು ಕೂತ ಸೊಪ್ಪಿನವಳ ಬುಟ್ಟಿಯಲ್ಲಿ ಕಂತೆಗಳ ನಡುವೆ ಆ ಚುಕ್ಕಿಯ ಚೌಕ. ಪಂಕ್ಚರ್ ಹಾಕುವವನ ನೀರಿನ ತೊಟ್ಟಿಗೆ ಅಂಟಿಸಿದ ಚೌಕ. ಕಣ್ಣು ಕಾಣದ ಒಬ್ಬ ಮುದುಕ ಸೇತುವೆಯ ಮೇಲೆ ಕೂತು ಎರಡು ತಂತಿಯ ವಾದ್ಯ ನುಡಿಸುತ್ತಿದ್ದ, ಅವನ ಕೊರಳಲ್ಲೂ ಚೌಕ. ಯಾರೋ ಸದ್ದಿಲ್ಲದೆ ಫೋನು ತೋರಿಸಿ ಹೋದರು. ಅವನ ಪಕ್ಕದಲ್ಲಿದ್ದ ಡಬ್ಬಿ ಏನೋ ಉಸುರಿತು. ಮುದುಕ ನುಡಿಸುತ್ತಲೇ ಅವರು ಹೋದ ದಿಕ್ಕಿಗೆ ಸರಿಯಾಗಿ ತಲೆ ಬಾಗಿಸಿದ. ನಾನೂ ತೋರಿಸಿದೆ. ನನ್ನ ಕಡೆಗೂ ತಲೆ ಬಾಗಿತು. ಅಪರಿಚಿತ ದೇಶದ ಒಬ್ಬ ಮನುಷ್ಯನಿಗೆ ನಾನಿರುವುದು ಗೊತ್ತಾಯಿತಲ್ಲ ಎಂದು ಅಷ್ಟಕ್ಕೇ ಹಿಗ್ಗಿದೆ.

ಒಂದು ದೇವಸ್ಥಾನ ಸಿಕ್ಕಿತು. ದೇವರು ಯಾರೋ, ಕೆಂಪು ಮುಖ, ಉದ್ದ ಗಡ್ಡ. ಹುಂಡಿಯ ಮೇಲೂ ಚೌಕವಿತ್ತು. ಊರಿನ ಅಭ್ಯಾಸ ಬಿಡುತ್ತದೆಯೇ, ಕಾಣಿಕೆಗೆ ಮುಂಚೆ ಫೋನನ್ನೇ ಎರಡು ಕಣ್ಣಿಗೂ ಒತ್ತಿಕೊಂಡೆ. ಹಣೆ ತಗುಲಿ ಪರದೆ ಎಲ್ಲಿಂದ ಎಲ್ಲಿಗೋ ಹಾರಿ, ಆ್ಯಪು ಮುಚ್ಚಿ, ಕ್ಯಾಮೆರಾ ತೆರೆದು, ನನ್ನದೇ ಮೂಗಿನ ಫೋಟೋ ಬಂತು. ಪಕ್ಕದಲ್ಲಿ ಊದುಬತ್ತಿ ಹಚ್ಚುತ್ತಿದ್ದ ಹೆಂಗಸು ನಗು ತಡೆಯಲಾರದೆ ಅತ್ತ ತಿರುಗಿದಳು. ಎರಡನೇ ಸಲ ಕಣ್ಣಿಗೆ ಒತ್ತದೆ ಹಾಕಿದೆ. ದೇವರು ಅಷ್ಟು ಅರ್ಥ ಮಾಡಿಕೊಳ್ಳುತ್ತಾನೆ.

ಬಸ್ಸಿಗೆ ಫೋನು, ಚಹಾಕ್ಕೆ ಫೋನು, ಕಿತ್ತಳೆಗೆ ಫೋನು. ಒಂದು ಸಲವೂ ತಕರಾರಿಲ್ಲ. ಒಂದೊಂದು ಸಲ ಸದ್ದಾದಾಗಲೂ ಚೇಳೂರಿನಲ್ಲಿ ಒಂದು ಕೀಪ್ಯಾಡ್ ಫೋನಿನಲ್ಲಿ ಮೆಸೇಜು ಬೀಳುತ್ತಿದೆ ಎಂಬುದು ನನಗೆ ಆಗ ಹೊಳೆಯಿತು. ನಾನು ಇಲ್ಲಿ ಕಿತ್ತಳೆ ತಿಂದರೆ ಅಲ್ಲಿ ಗಂಗಕ್ಕನ ಸೆರಗಿನಲ್ಲಿ ಸದ್ದು. ನಡುವೆ ಎಷ್ಟು ಬೆಟ್ಟ, ಎಷ್ಟು ಹೊಳೆ, ಯಾವ ಯಾವ ದೇಶ. ಬೇರೆ ಯಾವ ಕಟ್ಟಡಕ್ಕಿಂತಲೂ, ಯಾವ ರೈಲಿಗಿಂತಲೂ ಇದೇ ನನ್ನನ್ನು ಬೆರಗುಗೊಳಿಸಿತು. ಕಿತ್ತಳೆ ಸುಲಿಯುತ್ತಾ ಸುಮ್ಮನೆ ಕೂತುಬಿಟ್ಟೆ.

ನಾಲ್ಕನೇ ಬೆಳಗ್ಗೆ: ಮತ್ತೆ ಗಾಡಿ

ವ್ಯಾನು ಎಂಟಕ್ಕೆ ಹೊರಡುವುದಿತ್ತು. ಏಳೂವರೆಗೆ ಹೊರಗೆ ಬಂದರೆ ಗಾಡಿ ಆಗತಾನೆ ಬಂದು ನಿಂತಿತ್ತು. ಮೊದಲ ತಟ್ಟೆಯ ಆವಿ ಏಳುತ್ತಿತ್ತು, ಇನ್ನೂ ಯಾರೂ ಬಂದಿರಲಿಲ್ಲ. ನನ್ನ ಅದೃಷ್ಟಕ್ಕೆ ನಾನೇ ಕೈ ಮುಗಿದೆ. ಎರಡು ಕಡುಬು ಕೇಳಿ, ಮೊದಲ ದಿನದ್ದನ್ನೂ ಸೇರಿಸಿ ಮೂರು ಎಂದು ಬೆರಳು ತೋರಿಸಿದೆ. ಅಜ್ಜಿಗೆ ಅರ್ಥವಾಗಿ ಬೇಡ ಬೇಡ ಎಂದಳು, ನಾನು ಬಿಡಲಿಲ್ಲ. ಸ್ಕ್ಯಾನ್ ಮಾಡಿ ಒತ್ತಿದೆ.

ಹಿಂದಿನ ದಿನವೆಲ್ಲ ಸುಮ್ಮನಿದ್ದ ನನ್ನ ಬ್ಯಾಂಕಿಗೆ ಆಗಲೇ ಅನುಮಾನ ಬರಬೇಕೇ? ಓಟಿಪಿ ಹಾಕಿ ಎಂದಿತು. ಮೂಲೆಯಲ್ಲಿ ಸೆಕೆಂಡುಗಳು ಇಳಿಯತೊಡಗಿದವು.

ಚೇಳೂರಿನಲ್ಲಿ ಐದು ಗಂಟೆ. ಗಂಗಕ್ಕ ಹಾಲು ಕರೆಯುವ ಹೊತ್ತು. ಮೊದಲ ರಿಂಗಿಗೇ ಎತ್ತಿದಳು. ಹಿಂದಿನಿಂದ ಹಸು ಸರಪಳಿ ಜಗ್ಗುವ ಸದ್ದು ಕೇಳಿತು.

"ಅಕ್ಕ, ಬೇಗ ಹೇಳಕ್ಕ, ಟೈಮ್ ಓಡ್ತಾ ಇದೆ."

"ಬಂದೈತೆ" ಎಂದಳು. ಹೇಳಲಿಲ್ಲ. ಮತ್ತೆ ಅವಳ ದನಿ ಬಂತು, ಬೇರೆಯದೇ ದನಿ. "ಸುಸೀಲ, ನಿನ್ ಗೃಹಪ್ರವೇಶಕ್ ನಾನೇನ್ ತಂದಿದ್ದೆ?"

ಅವಳು ಏನನ್ನೂ ತಂದಿರಲಿಲ್ಲ. ಬರಿಗೈಯಲ್ಲಿ ಬಂದಳು ಎಂದು ಒಂಬತ್ತು ವರ್ಷ ನಾನೇ ಆಡಿಕೊಂಡಿದ್ದೆ. ಅದನ್ನು ಹೇಗೆ ಹೇಳಲಿ? ಬಾಗಿಲಲ್ಲಿ ನಿಂತ ಗಂಗಕ್ಕನನ್ನು ಮತ್ತೆ ಕಣ್ಣ ಮುಂದೆ ತಂದುಕೊಂಡೆ. ಬೆವರಿದ ಮುಖ, ಕೆದರಿದ ಸೆರಗು. ಕೈಯಲ್ಲಿ ಏನಿತ್ತು ಎಂದು ನಾನು ನೋಡಿರಲೇ ಇಲ್ಲ. ಅಜ್ಜಿ ತಟ್ಟೆಯ ಮುಚ್ಚಳ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಹಿಂದೆ ಇಬ್ಬರು ಬಂದು ನಿಂತರು.

ಆಗ ಕ್ಯಾನು ನೆನಪಾಯಿತು.

ಗೃಹಪ್ರವೇಶದ ಮಾರನೆಯ ದಿನ ಮುಂಬಾಗಿಲ ಹಿಂದೆ ಮೂರು ಲೀಟರಿನ ಒಂದು ಹೊಸ ಸ್ಟೀಲ್ ಕ್ಯಾನು ಸಿಕ್ಕಿತ್ತು. ಯಾರ ಹೆಸರೂ ಕೆತ್ತಿರಲಿಲ್ಲ. ಒಳಗೆ ಒಡೆದ ಹಾಲು, ಮನೆಯೆಲ್ಲ ನಾತ. ಯಾವ ಪುಣ್ಯಾತ್ಮರು ಹೀಗೆ ಮರೆತು ಹೋದರೋ ಎಂದು ಬೈದುಕೊಂಡು ಚೆಲ್ಲಿದ್ದೆ. ತೊಳೆದಿಟ್ಟ ಕ್ಯಾನಿನಲ್ಲಿ ಇವತ್ತಿಗೂ ರಂಗೋಲಿ ಪುಡಿ ತುಂಬಿಡುತ್ತೇನೆ.

"ಹಾಲು" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. "ಮೂರ್ ಲೀಟ್ರು ಹಾಲು, ಅಕ್ಕ. ಸ್ಟೀಲ್ ಕ್ಯಾನಲ್ಲಿ."

ಪರದೆಯ ಮೇಲೆ ಸಮಯ ಮುಗಿದು ಕೆಂಪು ಅಕ್ಷರ ಬಂತು. ನಾನು ಅದನ್ನು ನೋಡಿಯೂ ನೋಡಲಿಲ್ಲ.

"ಕರು ಕಟ್ಟಾಕಿ ಕರ್ದಿದ್ದೆ ಕಣೇ" ಎಂದಳು ಗಂಗಕ್ಕ. "ಕ್ಯಾನೂ ನಿಂಗೇ ಅಂತ ಹೊಸದಾಗ್ ತಗೊಂಡಿದ್ದೆ. ಗುಬ್ಬಿತಾವ ಬಸ್ ಕೆಟ್ಟೋಯ್ತು. ಇನ್ನೊಂದ್ ಬಸ್ ಸಿಗೋಗಂಟ ಕ್ಯಾನ್ ಎದೆಗ್ ಅವುಚ್ಕೊಂಡು ನಿಂತಿದ್ದೆ. ಬಂದ್ ನೋಡುದ್ರೆ ಪ್ಯಾಕೆಟ್ ಹಾಲು ಉಕ್ಕೋಗಿತ್ತು. ಬಾಗ್ಲಿಂದೆ ಮಡಗ್ಬುಟ್ ಬಂದೆ."

"ನಂಗೊತ್ತಿರ್ಲಿಲ್ಲಕ್ಕ."

"ಕೇಳ್ಬೋದಿತ್ತು."

"ಹೌದು. ಕೇಳ್ಬೋದಿತ್ತು. ಕೇಳ್ಲಿಲ್ಲ ನಾನು."

ಹಸು ಒಮ್ಮೆ ಉಸಿರು ಬಿಟ್ಟಿದ್ದು ಕೇಳಿಸಿತು. ನನಗೆ ಕಣ್ಣೀರು ಇಳಿಯುತ್ತಿತ್ತು. ಅಜ್ಜಿ ತನ್ನ ಏಪ್ರನ್ನಿನ ಕರವಸ್ತ್ರ ತೆಗೆದು ನನ್ನ ಕೈಗಿಟ್ಟಳು.

"ಏನ್ ಮಾಡ್ದೆ ಆ ಹಾಲ್ನ?"

"ಒಡ್ದೋಗಿತ್ತಕ್ಕ. ಹಿತ್ತಲಲ್ಲಿ ಆಗ ತಾನೆ ತೆಂಗಿನ ಸಸಿ ನೆಟ್ಟಿದ್ವಲ್ಲ, ಅದರ ಬುಡಕ್ ಹುಯ್ದೆ."

ಗಂಗಕ್ಕ ಹಸುವಿನ ಬೆನ್ನು ತಟ್ಟಿದ ಸದ್ದು ಬಂತು.

"ಗಿಡ ಹೆಂಗದೆ?" ಎಂದಳು.

"ಕಾಯಿ ಬಿಟ್ಟಿದೆ ಅಕ್ಕ. ಎರಡು ವರ್ಷದಿಂದ."

"ಹಂಗಾದ್ರೆ ಚೆಲ್ಲೋಗಿಲ್ಲ ಬುಡು" ಎಂದಳು. "ಇನ್ನೊಂದ್ ಸಲ ಒತ್ತು. ನಂಬರ್ ಬರ್ಲಿ."

ಒತ್ತಿದೆ. ಬಂತು. ಆರು ಅಂಕಿಗಳನ್ನು ನಿಧಾನವಾಗಿ, ಸಂತೆಯಲ್ಲಿ ಎಣಿಸಿ ಕೊಡುವವಳಂತೆ ಹೇಳಿದಳು. ಗಾಡಿಯ ಡಬ್ಬಿ ಚೀನೀ ಭಾಷೆಯಲ್ಲಿ ಏನೋ ಕೂಗಿತು. ನಾನು ಆ ಡಬ್ಬಿಗೆ ಕೈ ಮುಗಿದೆ. ಅಜ್ಜಿ ನನ್ನನ್ನೂ ಡಬ್ಬಿಯನ್ನೂ ನೋಡಿ, ತಾನೂ ಎರಡು ಕೈ ಜೋಡಿಸಿ ಡಬ್ಬಿಗೆ ಒಂದು ನಮಸ್ಕಾರ ಹಾಕಿದಳು. ಹಿಂದೆ ನಿಂತಿದ್ದವರು ಏನೂ ತಿಳಿಯದೆ ತಮ್ಮ ಫೋನು ಮುಂದೆ ಚಾಚಿದರು.

ಚೇಳೂರು

ಊರಿಗೆ ಬಂದ ವಾರದಲ್ಲಿ ಬ್ಯಾಂಕಿಗೆ ಹೋದೆ. ಖಾತೆಗೆ ನಿಮ್ಮದೇ ನಂಬರು ಇರಬೇಕಮ್ಮ, ಇಷ್ಟು ದಿನ ಹೇಗೆ ಬಿಟ್ಟಿರಿ ಎಂದು ಅಲ್ಲಿಯ ಮೇಡಂ ಗದರಿ ಅರ್ಜಿ ಕೊಟ್ಟರು. ಅದನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು, ಭಾನುವಾರ ಹಿತ್ತಲ ಮರದಿಂದ ಇಳಿಸಿದ ಎರಡು ಕಾಯಿಯನ್ನೂ ಆ ಸ್ಟೀಲ್ ಕ್ಯಾನನ್ನೂ ಹಿಡಿದು ಚೇಳೂರಿಗೆ ಹೊರಟೆ. ಗುಬ್ಬಿಯಲ್ಲಿ ಬಸ್ಸು ಬದಲಾಯಿಸುವಾಗ ಸ್ಟ್ಯಾಂಡಿನಲ್ಲಿ ಒಂದು ಗಳಿಗೆ ನಿಂತೆ. ಕ್ಯಾನನ್ನು ಎದೆಗೆ ಅವುಚಿಕೊಂಡು ನೋಡಿದೆ. ಖಾಲಿ ಕ್ಯಾನೇ ತೋಳು ನೋಯಿಸಿತು.

ಗಂಗಕ್ಕ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ತೆಂಗಿನ ತೋಟಗಳ ಊರಿಗೆ ನಾನು ತಂದ ಕಾಯಿ ನೋಡಿ ನಕ್ಕಳು.

"ಚೇಳೂರಿಗ್ ತೆಂಗಿನಕಾಯಿ ತಂದೋಳು ನೀನೊಬ್ಳೇ ಕಣೇ."

ಆದರೂ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು, ಇನ್ನೊಂದನ್ನೂ ನೋಡಿದಳು. ಎರಡನ್ನೂ ಅಟ್ಟಕ್ಕೆ ಹಾಕದೆ ದೇವರ ಮುಂದಿಟ್ಟಳು. ಬ್ಯಾಂಕಿನ ಅರ್ಜಿಯ ವಿಷಯ ಹೇಳಿದೆ.

"ಬದಲಾಯ್ಸು ಮತ್ತೆ. ಬ್ಯಾಂಕಿನ್ ಮೇಡಮ್ಮು ಸರಿಯಾಗೇ ಹೇಳವ್ರೆ" ಎಂದಳು. ಸೆರಗಿನ ಫೋನನ್ನು ಮುಟ್ಟಿ ನೋಡಿಕೊಂಡಳು. "ತಿಂಗ್ಳಿಗ್ ಎರಡ್ಮೂರು ಸಲ ನಿನ್ ಮೆಸೇಜ್ ಬರೋದು. ದುಡ್ ತಗ್ದವ್ಳೆ, ಅಂದ್ರೆ ಓಡಾಡ್ಕೊಂಡು ಆರಾಮಾಗವ್ಳೆ ಅಂದ್ಕತಿದ್ದೆ. ಇನ್ ಮೇಲೆ ನೀನೇ ಹೇಳ್ಬೇಕು."

ಒಂಬತ್ತು ವರ್ಷ ನಾನು ಮಾತಾಡದಿದ್ದರೂ ಅವಳು ನನ್ನ ಕ್ಷೇಮ ತಿಳಿದುಕೊಳ್ಳುತ್ತಿದ್ದಳು. ನನಗೆ ಅವಳ ಯಾವ ಮೆಸೇಜೂ ಬರುತ್ತಿರಲಿಲ್ಲ, ಬೇಕೆಂದು ಅನ್ನಿಸಿಯೂ ಇರಲಿಲ್ಲ. ಅದನ್ನು ಅವಳ ಮುಂದೆ ಹೇಳಿದೆ. ಅವಳು ಊಟಕ್ಕೆ ಕೂತಿದ್ದ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಹೊರಡುವಾಗ ಕ್ಯಾನನ್ನು ನನ್ನ ಕೈಗೆ ಕೊಡಲಿಲ್ಲ. "ಇದು ಇಲ್ಲೇ ಇರ್ಲಿ. ನಾಳೆ ಬೆಳಿಗ್ಗೆ ಹಾಲ್ ಕರ್ದು ಮೊದಲ್ನೇ ಬಸ್ಸಿಗೆ ನಾನೇ ತತ್ತೀನಿ. ಒಲೆ ಖಾಲಿ ಮಡಗಿರು" ಎಂದಳು.

"ಆಯ್ತಕ್ಕ."

ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಅವಳು ಕಿಟಕಿಯ ಹತ್ತಿರ ಬಂದು, ಸರಳನ್ನು ಹಿಡಿದು, ನನ್ನನ್ನು ಇನ್ನೊಂದು ಪ್ರಶ್ನೆ ಕೇಳಿದಳು.

"ಗುಬ್ಬಿತಾವ ಬಸ್ ಕೆಟ್ಟೋದ್ರೆ ಕಾಯ್ತೀಯ?"

"ಕಾಯ್ತೀನಿ" ಎಂದೆ.